ಹಗೇವಿನ ಕಲ್ಲು

“ಗುರುಗಳೇ, ಇನ್ನೇನು ಹಾಕಲಿ?” ಎಂದು ಶಿಷ್ಯ ಕೇಳಿದ.

ಗುರು ಹೊಸ್ತಿಲ ಬಳಿ ಕುಳಿತು ಅವರೆಕಾಳು ಆರಿಸುತ್ತಿದ್ದರು. ತಲೆಯೆತ್ತಿ ನೋಡಿದರು. ಶಿಷ್ಯನ ಕಂಕುಳಲ್ಲಿ ಬಟ್ಟೆಯ ಗಂಟು ಇತ್ತು. ಕಾಲಿಗೆ ಚಪ್ಪಲಿ ಮೆಟ್ಟಿದ್ದ.

“ಯಾವುದಕ್ಕೆ?”

“ಮನಸ್ಸಿಗೆ.”

ಶಿಷ್ಯ ನಿಂತಲ್ಲೇ ಹೇಳತೊಡಗಿದ. “ಇಲ್ಲಿ ಬಂದು ಮೂರು ವರ್ಷವಾಯಿತು. ಇದಕ್ಕೆ ಮುಂಚೆ ನಾಲ್ಕು ಕಡೆ ಇದ್ದೆ. ಒಬ್ಬರು ಮೌನ ಕೊಟ್ಟರು, ಹಾಕಿದೆ. ಒಬ್ಬರು ಜಪ ಕೊಟ್ಟರು, ಮೌನದ ಮೇಲೆ ಅದನ್ನೂ ಹಾಕಿದೆ. ಒಬ್ಬರು ಒಪ್ಪತ್ತು ಊಟ ಅಂದರು. ಇನ್ನೊಬ್ಬರು ತಣ್ಣೀರು ಸ್ನಾನ ಅಂದರು. ನೀವು ಅಂಗಳ ಗುಡಿಸು ಅಂದಿರಿ, ಗುಡಿಸುತ್ತಿದ್ದೇನೆ. ಒಂದನ್ನೂ ಬಿಟ್ಟಿಲ್ಲ. ದಿನಾ ಸಂಜೆ ಕಣ್ಣು ಮುಚ್ಚಿ ಒಳಗಿಳಿದು ನೋಡುತ್ತೇನೆ, ಶುದ್ಧವಾಯಿತೇ ಎಂದು. ದಿನಾ ಒಂದು ಹುಳ ಸಿಗುತ್ತದೆ. ಇವತ್ತು ಸಿಟ್ಟು, ನಾಳೆ ಹೊಟ್ಟೆಕಿಚ್ಚು. ಮೊದಲು ಒಂದೋ ಎರಡೋ ಇದ್ದವು. ಈಗ ಎಣಿಸಲಾರೆ. ಹೊಳೆಯಾಚೆ ಒಬ್ಬರು ಬಂದಿದ್ದಾರಂತೆ. ಒಂದೇ ಒಂದು ಮಂತ್ರವಂತೆ. ಕಿವಿಗೆ ಬಿದ್ದರೆ ಸಾಕು, ಒಳಗಿರುವುದೆಲ್ಲ ಒಂದೇ ಏಟಿಗೆ ಸಾಯುತ್ತದಂತೆ. ಹೋಗಲೋ, ಇರಲೋ? ಇವತ್ತೇ ಹೇಳಿಬಿಡಿ. ದೋಣಿ ಮಧ್ಯಾಹ್ನಕ್ಕಿದೆ.”

“ಮಧ್ಯಾಹ್ನಕ್ಕೆ ಇನ್ನೂ ಹೊತ್ತಿದೆ. ಕೂತುಕೋ.”

ಶಿಷ್ಯ ಕೂರಲಿಲ್ಲ.

“ಸರಿ, ನಿಂತೇ ಕೇಳು,” ಎಂದು ಗುರು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಎರೆ ಹೊಲದವನು, ಬಿಳಿಜೋಳ ಬೆಳೆಯುವವನು. ದುಡಿಮೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ಅವನ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟರೆ ಬೇಯುವುದರೊಳಗೆ ಮೂರು ಸಲ ಮುಚ್ಚಳ ತೆಗೆದು ನೋಡುವನು. ಬಿತ್ತಿದ ನಾಲ್ಕನೆಯ ದಿನ ಮಣ್ಣು ಕೆದಕಿ, ಮೊಳಕೆ ಬಂತೇ ಎಂದು ನೋಡುವನು. ಸಂತೆಗೆ ಹೊರಟರೆ, ಅಗಳಿ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವನು. ಅವನ ಹೆಂಡತಿ ನಗುತ್ತಿದ್ದಳು. “ದನಕ್ಕ ಗೂಟ ಐತಿ, ನಿಮ್ಮ ಕೈಗೂ ಒಂದ್ ಗೂಟ ಹೊಡಿಬೇಕ್ರಿ” ಅನ್ನುತ್ತಿದ್ದಳು.

ಒಂದು ವರ್ಷ ಅವನ ಜೋಳದ ಚೀಲಗಳಿಗೆ ನುಸಿ ಬಿತ್ತು. ಕಾಳಿನೊಳಗೆ ಸೇರಿ, ತಿರುಳು ತಿಂದು, ತೂತು ಮಾಡಿ ಹೊರಬರುವ ಸಣ್ಣ ಹುಳ ಅದು. ಪೇಟೆಯ ವ್ಯಾಪಾರಿ ಅವನಿಗೆ ವಿಷದ ಗುಳಿಗೆ ಕೊಟ್ಟ. ಇಷ್ಟು ಚೀಲಕ್ಕೆ ಇಷ್ಟೇ, ಮನೆಯಿಂದ ದೂರದ ಕೋಣೆಯಲ್ಲಿ, ಸಂದು ಬಿಡದೆ ಮುಚ್ಚಿ ಎಂದು ಹೇಳಿದ್ದ. ರೈತನಿಗೆ ದೂರದ ಕೋಣೆ ಇರಲಿಲ್ಲ. ಇದ್ದದ್ದು ನಡುಮನೆಯ ಪಕ್ಕದ ಕೋಣೆ. ಅಲ್ಲಿಯೇ ಇಟ್ಟ. ಎಲ್ಲಿ ಸಾಲದೋ ಎಂದು ಎರಡರಷ್ಟು ಇಟ್ಟ. ಆಮೇಲೆ, ಹುಳ ಸತ್ತವೇ ಎಂದು ಎರಡು ಸಲ ಬಾಗಿಲು ತೆಗೆದು ನೋಡಿದ.

ಬೆಳಗಾಗುವ ಹೊತ್ತಿಗೆ ನಡುಮನೆಯಲ್ಲಿ ಮಲಗಿದ್ದ ಅವನ ಮಗು ವಾಂತಿ ಮಾಡುತ್ತಿತ್ತು. ಉಸಿರು ಎಳೆಯುತ್ತಿತ್ತು. ಆರು ದಿನ ಆಸ್ಪತ್ರೆಯಲ್ಲಿ ಇದ್ದು ಮಗು ಉಳಿಯಿತು.

ಏಳನೆಯ ದಿನ ಹೆಂಡತಿ ಮಗುವನ್ನು ಎತ್ತಿಕೊಂಡು ತವರಿನ ಬಸ್ಸು ಹತ್ತಿದಳು. ಜಗಳ ಮಾಡಲಿಲ್ಲ. ಬಸ್ಸಿನ ಕಿಟಕಿಯಿಂದ ಒಂದೇ ಮಾತು ಹೇಳಿದಳು. “ಕಾಳು, ವಿಷ, ಕೂಸು, ಮೂರೂ ಒಂದ ಸೂರಿನ್ಯಾಗ ಇರೂದ್ ಬ್ಯಾಡ್ರಿ. ಮುಂದಿನ ಸುಗ್ಗಿ ಜ್ವಾಳ ವಿಷ ಹಾಕದ ಉಳಿಸಿ ತೋರಸ್ರಿ. ಆಮ್ಯಾಲ ನಮ್ಮನ್ನ ಕರಿಯಾಕ ಬರ್ರಿ.”

ರೈತ ಸುಗ್ಗಿ ಮುಗಿಯುವವರೆಗೆ ಹೇಗೋ ತಡೆದುಕೊಂಡ. ರಾಶಿ ಮಾಡಿದ ಮೇಲೆ ಜೋಳದ ಮುಂದೆ ಕುಳಿತು ಯೋಚಿಸಿದ. ಇದನ್ನು ಎಲ್ಲಿ ಇಡಲಿ?

ಅವನ ಹಿತ್ತಲಿನಲ್ಲಿ ಅಜ್ಜನ ಕಾಲದ ಒಂದು ಹಗೇವು ಇತ್ತು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಒಂದು ದೊಡ್ಡ ಕೊಡವನ್ನು ಹೂತಿಟ್ಟ ಹಾಗೆ. ಗೋಣಿಚೀಲ ಬಂದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಒಳಗೆ ಕಸ ತುಂಬಿತ್ತು. ರೈತ ಕಸ ತೆಗೆದ. ಒಳಗೆ ಜೋಳದ ದಂಟು ಉರಿಸಿ ತೇವ ಆರಿಸಿದ. ತಳಕ್ಕೂ ಗೋಡೆಗೂ ಒಣಹುಲ್ಲು ಹಾಸಿದ. ಜೋಳವನ್ನು ನಾಲ್ಕು ದಿನ ಬಿಸಿಲಿಗೆ ಹರಡಿದ. ಕಾಳು ಹಲ್ಲಿಗೆ ಕಟ್ಟೆಂದು ಒಡೆಯುವಷ್ಟು ಒಣಗಿತು. ಆಮೇಲೆ ತುಂಬಿದ.

ಆ ಊರಿನಲ್ಲಿ ಹಗೇವಿನ ಬಾಯಿ ಮುಚ್ಚುವುದು ತಿಳಿದವಳು ಒಬ್ಬಳೇ ಮುದುಕಿ ಉಳಿದಿದ್ದಳು. ರೈತ ಅವಳನ್ನು ಕರೆತಂದ. ಮುದುಕಿ ಜೋಳದ ಮೇಲೆ ಹೊಟ್ಟು ಹಾಸಿಸಿದಳು. ಬಾಯಿಗೆ ಚಪ್ಪಡಿ ಕಲ್ಲು ಎಳೆಸಿದಳು. ಕಲ್ಲಿನ ಸುತ್ತ ಕಲಸಿದ ಮಣ್ಣು ಮೆತ್ತಿದಳು. ಮಣ್ಣು ಹಸಿ ಇರುವಾಗಲೇ ಬಲಗೈ ಅಂಗೈಯನ್ನು ಒತ್ತಿ ಅಚ್ಚು ಮೂಡಿಸಿದಳು. ಮುಚ್ಚಿದವರ ಕೈ ಗುರುತು ಇರಬೇಕು, ಅದು ರೂಢಿ. ಅವಳ ಕಿರುಬೆರಳು ಸೊಟ್ಟ. ಅಚ್ಚಿನಲ್ಲೂ ಸೊಟ್ಟಗೇ ಬಿತ್ತು.

“ದೀಪಾವಳಿ ಪಾಡ್ಯಕ್ಕ ತೆಗಿಯೂಣು,” ಅಂದಳು ಮುದುಕಿ. “ಅಲ್ಲಿತನಕ ಇದನ್ನ ಮರ್ತಬಿಡು.”

“ಮತ್ತ ಹುಳ ಬಿದ್ರ?”

“ಮರ್ತಬಿಡು ಅಂದ್ನಲ್ಲೋ ತಮ್ಮಾ. ಮರಿಯಾಕೂ ನಾನ ಬರ್ಬೇಕೇನು?”

ಹಗೇವು ಮುಚ್ಚಿದ್ದು ಯುಗಾದಿಗೆ. ಅಲ್ಲಿಂದ ದೀಪಾವಳಿಗೆ ಏಳು ತಿಂಗಳು. ರೈತ ಒಂದು ತಿಂಗಳು ಮರೆಯಲು ನೋಡಿದ. ಎದ್ದಾಗ ಹಿತ್ತಲು, ಮಲಗುವಾಗ ಹಿತ್ತಲು. ಅಂಗಳದಲ್ಲಿ ಕೂತರೂ ಬೆನ್ನು ಹಿತ್ತಲಿನ ಕಡೆ ಕೇಳಿಸಿಕೊಳ್ಳುತ್ತಿತ್ತು. ಒಂದು ದಿನ ಹೋಗಿ ಕಲ್ಲಿಗೆ ಕಿವಿಯಿಟ್ಟ. ಒಳಗೆ ಕಿರಕಿರ ಸದ್ದು ಬಂದ ಹಾಗಾಯಿತು. ಜೋಳ ತಿನ್ನುವ ಸದ್ದೋ, ಅವನ ಕಿವಿಯದೇ ಸದ್ದೋ, ಯಾರು ಬಲ್ಲರು? ಅವನ ಕಣ್ಣಿಗೆ ಬಸ್ಸಿನ ಕಿಟಕಿ ಬಂತು. ಹಾರೆ ತಂದು ಕಲ್ಲು ಮೀಟಿದ.

ಹಗೇವಿಗೆ ಒಮ್ಮೆಲೇ ಇಳಿಯಬಾರದು. ಒಳಗೆ ಉಸಿರು ಕಟ್ಟಿ ಸತ್ತವರಿದ್ದಾರೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುವುದು ಪದ್ಧತಿ. ದೀಪ ಉರಿದರೆ ಇಳಿಯಬಹುದು, ಆರಿದರೆ ಕಾಯಬೇಕು. ಇಷ್ಟು ರೈತನಿಗೂ ಗೊತ್ತಿತ್ತು. ಕಂದೀಲು ಇಳಿಸಿದ. ಕುಡಿ ಕುಗ್ಗಿತು, ಇನ್ನೇನು ಆರಿತು ಅನ್ನುವ ಹಾಗೆ ಮಂಕಾಯಿತು, ಹಾಗೂ ಹೀಗೂ ನಿಂತಿತು. ಅವನಿಗೆ ಅದು ಒಳ್ಳೆಯದು ಅನ್ನಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇಳಿದು, ಹೊಟ್ಟು ಸರಿಸಿ, ಒಂದು ಮುಷ್ಟಿ ಜೋಳ ತೆಗೆದು ನೋಡಿದ. ಎರಡು ನುಸಿ ಇದ್ದವು. ಮಂಪರು ಹಿಡಿದವರ ಹಾಗೆ ಮೆಲ್ಲಗೆ ಕಾಲು ಆಡಿಸುತ್ತಿದ್ದವು.

ಎರಡು ನುಸಿ ಕಂಡ ಮೇಲೆ ಅವನು ನಿಲ್ಲುವುದುಂಟೇ? ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ತಂದು ಜೋಳಕ್ಕೆ ಬೆರೆಸಿದ. ಕಲ್ಲು ಎಳೆದು ಮಣ್ಣು ಮೆತ್ತಿದ. ಅಚ್ಚು ಇರಬೇಕಲ್ಲ ಎಂದು ತನ್ನ ಅಂಗೈಯನ್ನೇ ಒತ್ತಿದ.

“ಬೇವು ಒಳ್ಳೆಯದಲ್ಲವೇ?” ಎಂದು ಶಿಷ್ಯ ನಡುವೆ ಬಾಯಿ ಹಾಕಿದ.

“ಒಳ್ಳೆಯದೇ,” ಎಂದರು ಗುರು. “ಅವನು ಹಾಕಿದ್ದೆಲ್ಲ ಒಳ್ಳೆಯದೇ. ಕೇಳು.”

ಬೇವು ಕೆಲಸ ಮಾಡಿತೇ ಎಂದು ನೋಡಬೇಕಲ್ಲ? ಹದಿನೈದು ದಿನಕ್ಕೆ ಮತ್ತೆ ಕಲ್ಲು ಎತ್ತಿದ. ಈ ಸಲ ಕಂದೀಲು ಕುಗ್ಗಲಿಲ್ಲ. ಅವನಿಗೆ ಧೈರ್ಯ ಬಂತು. ಮುಷ್ಟಿ ಜೋಳ ತೆಗೆದರೆ ಐದು ನುಸಿ. ಕುರಿಗಾರನೊಬ್ಬನನ್ನು ಕೇಳಿದ. ಅವನು ಲಕ್ಕಿ ಸೊಪ್ಪು ಹಾಕು, ಅದರ ವಾಸನೆಗೆ ನುಸಿ ನಿಲ್ಲುವುದಿಲ್ಲ ಅಂದ. ಲಕ್ಕಿ ಸೊಪ್ಪು ಹಾಕಿದ. ಹತ್ತು ದಿನಕ್ಕೆ ಮತ್ತೆ ಎತ್ತಿದ. ಬಳೆ ಮಾರಲು ಬಂದವಳು ಸೆಗಣಿ ಕುಳ್ಳಿನ ಬೂದಿ ಅಂದಳು. ಜರಡಿ ಹಿಡಿದ ಬೂದಿ ಬೆರೆಸಿದ. ಎಂಟು ದಿನಕ್ಕೆ ಎತ್ತಿದ. ಇನ್ನೊಬ್ಬರು ಬಜೆ ಬೇರು ಅಂದರು. ಮತ್ತೊಬ್ಬರು ಒಣಮೆಣಸಿನಕಾಯಿ ಅಂದರು. ಊರಿಗೆ ಬಂದವರೆಲ್ಲ ಒಂದೊಂದು ಹೇಳಿದರು. ಹೇಳಿದ್ದೆಲ್ಲ ಹಾಕಿದ. ಹಾಕುವುದಕ್ಕೆ ಕಲ್ಲು ಎತ್ತಿದ, ಹಾಕಿದ್ದು ನೋಡುವುದಕ್ಕೆ ಕಲ್ಲು ಎತ್ತಿದ. ಮಧ್ಯೆ ಮಳೆಗಾಲ ಬಂತು. ತೇವದ ಗಾಳಿ ಬೀಸುವಾಗಲೂ ಎತ್ತಿದ.

ಬೇಲಿಯಾಚೆಯ ನೆರೆಯವನು ದಿನಾ ಇದನ್ನು ನೋಡುತ್ತಿದ್ದ. “ಏ ಮಾರಾಯಾ, ಜ್ವಾಳ ತುಂಬಿಯೋ, ಸೊಪ್ಪು ತುಂಬಿಯೋ? ದಿನಾ ಕಲ್ಲು ಎಳದು ನಡಾ ಮುರಕೋಬ್ಯಾಡ. ಬಡಿಗ್ಯಾಗ ಹೇಳಿ ಅದಕ್ಕೊಂದು ಬಾಗ್ಲಾ ಕುಂದ್ರಿಸಿಬಿಡು” ಎಂದು ಕೂಗುತ್ತಿದ್ದ.

ರೈತನಿಗೆ ಒಂದೇ ಒಂದು ಸಮಾಧಾನವಿತ್ತು. ಸಲದಿಂದ ಸಲಕ್ಕೆ ಕಂದೀಲು ಚೆನ್ನಾಗಿ ಉರಿಯುತ್ತಿತ್ತು. ಹುಳ ಹೆಚ್ಚಿದರೂ ಒಳಗೆ ಬೆಳಕು ಹೆಚ್ಚುತ್ತಿದೆ, ದೇವರು ಕೈಬಿಟ್ಟಿಲ್ಲ ಅಂದುಕೊಂಡ.

ಪಂಚಮಿ ಹಬ್ಬ ಹತ್ತಿರ ಬಂತು. ಮುಷ್ಟಿ ಜೋಳದಲ್ಲಿ ಕಾಳಿಗಿಂತ ನುಸಿಯೇ ಹೆಚ್ಚು ಕಂಡ ದಿನ ಅವನ ತಾಳ್ಮೆ ಮುಗಿಯಿತು. ನಡೆದುಕೊಂಡೇ ಪೇಟೆಗೆ ಹೋದ. ಅದೇ ವ್ಯಾಪಾರಿಯ ಅಂಗಡಿಯ ಮುಂದೆ ನಿಂತ.

“ಅದನ್ನ ಕೊಡು,” ಅಂದ. ಹೆಸರು ಹೇಳಲು ಬಾಯಿ ಬರಲಿಲ್ಲ.

“ಹೋದ ವರ್ಷದ್ದೇನ್ರಿ?” ವ್ಯಾಪಾರಿಗೆ ಮಗುವಿನ ಸುದ್ದಿ ಗೊತ್ತಿರಲಿಲ್ಲ. “ಒಯ್ರಿ. ಒಮ್ಮೆ ಇಟ್ರ ಮುಗೀತು. ಕಣ್ಣ ಮುಚ್ಚಿ ಮಕ್ಕೋರಿ.”

ಕಣ್ಣು ಮುಚ್ಚಿ ಅನ್ನುವ ಮಾತಿಗೆ ರೈತ ಒಂದು ಕ್ಷಣ ಅಲ್ಲೇ ನಿಂತ. ಆದರೂ ತೆಗೆದುಕೊಂಡ. ಮನೆಯೊಳಗೆ ಇಡುತ್ತಿಲ್ಲ, ಹಿತ್ತಲಿನ ನೆಲದೊಳಗೆ ಇಡುತ್ತೇನೆ, ಯಾರಿಗೂ ಹೇಳುವುದಿಲ್ಲ, ಅವಳಿಗೆ ಗೊತ್ತಾಗುವುದಿಲ್ಲ. ದಾರಿಯುದ್ದಕ್ಕೂ ಇದನ್ನೇ ಹೇಳಿಕೊಂಡ. ಅವಳಿಗೆ ಗೊತ್ತಾಗದಿರಬಹುದು, ತನಗೆ ಗೊತ್ತಿರುತ್ತದಲ್ಲ ಎಂದು ಕಾಲು ಹೇಳಿತು. ಕಾಲು ಹೇಳಿದ್ದನ್ನು ಕೇಳದೆ ನಡೆದ.

ಹಿತ್ತಲಿಗೆ ಬಂದರೆ ಹಗೇವಿನ ಕಲ್ಲಿನ ಮೇಲೆ ಮುದುಕಿ ಕುಳಿತಿದ್ದಳು. ಪಂಚಮಿಗೆ ಎಲ್ಲರ ಮನೆಗೆ ಹೋಗುವ ಹಾಗೆ ಅವನ ಮನೆಗೂ ಬಂದಿದ್ದಳು. ಮಣ್ಣಿನ ಮೇಲಿನ ಅಚ್ಚಿನ ಮೇಲೆ ತನ್ನ ಸೊಟ್ಟ ಕಿರುಬೆರಳು ಇಟ್ಟು ನೋಡುತ್ತಿದ್ದಳು.

“ಈ ಕೈ ಯಾರದು?”

“ನಂದ, ಆಯಿ.”

“ನನ್ನ ಕೈ ಎಲ್ಲಿ ಹೋತು?”

“ಕಲ್ಲು ಎತ್ತೀನಿ, ಆಯಿ.”

“ಎಷ್ಟ್ ಸಲ ತೆಗದಿ?”

ಅವನು ಬೆರಳು ಮಡಿಚಿದ. ಒಂದು ಕೈ ಸಾಲಲಿಲ್ಲ. “ಒಂಬತ್ತು.”

“ಯಾಕ?”

“ಹುಳ ಬಿದ್ದಾವೇನಂತ ನೋಡಾಕ.”

“ಅವೂ ನಿನ್ನ ಹಾದೀನ ಕಾಯ್ತಿದ್ವು ತಗೋ. ಕಂದೀಲು ಇಳಿಸಿದ್ಯಲ್ಲ, ಹ್ಯಾಂಗ ಉರೀತು?”

ರೈತನ ಮುಖ ಅರಳಿತು. “ಅದೊಂದ್ ಮಾತ್ರ ಛಲೋ ಐತಿ ಆಯಿ. ಮೊದಲನೇ ಸಲ ಮಂಕ ಇತ್ತು. ಈಗ ಝಗ್ಗ ಅಂತ ಉರೀತೈತಿ.”

ಮುದುಕಿ ಹಣೆ ಬಡಿದುಕೊಂಡಳು.

“ಉರಿದ್ರ ಇಳಿಯಾವಂಗ ಛಲೋ, ಜ್ವಾಳಕ್ಕಲ್ಲೋ ಹುಚ್ಚಪ್ಪಾ! ದೀಪಕ್ಕ ಗಾಳಿ ಸಿಕ್ಕಲ್ಲಿ ನುಸಿಗೂ ಸಿಗತೈತಿ. ನಾ ಮಣ್ಣು ಮೆತ್ತಿದ್ದು ಜ್ವಾಳ ಮುಚ್ಚಾಕಲ್ಲ, ಗಾಳಿ ಮುಚ್ಚಾಕ. ಒಳಗ ಎಷ್ಟ್ ಗಾಳಿ ಐತೋ ಅಷ್ಟನ್ನ ಉಸಿರಾಡಿ ಮುಗಿಸಿ, ಅವು ತಾವ ಸಾಯಬೇಕು. ಮೊದಲನೇ ಸಲ ನೋಡಿದ್ಯಲ್ಲ, ದೀಪ ಮಂಕ ಇತ್ತಲ್ಲ, ಆವಾಗ ಅವು ಸಾಯಾಕ ಹತ್ತಿದ್ವು. ನೀ ಹೋಗಿ ಎಬ್ಬಿಸಿ ಕುಂದ್ರಿಸಿದಿ. ಒಂಬತ್ತು ಸಲ.”

“ಬೇವು ಹಾಕೀನಿ ಆಯಿ. ಲಕ್ಕಿ, ಬೂದಿ, ಬಜಿ, ಮೆಣಸಿನಕಾಯಿ...”

“ಸಾರು ಮಾಡಿಯೇನು? ಅವೆಲ್ಲ ಛಲೋನ. ದಿನಾ ಬಾಯಿ ತೆಗಿಯೋ ಗಡಿಗಿಗೆ ಬೇವು ಬೇಕು. ಬೀಜಕ್ಕ ಬೂದಿ ಬೇಕು. ಬ್ಯಾಳಿಗೆ ಹರಳೆಣ್ಣಿ ಬೇಕು. ನಾನೂ ಹಾಕ್ತೀನಿ. ಆದ್ರ ಹಗೇವಿಗೆ ಮುಚ್ಚಿರೂದ ಔಷಧ. ಅದಕ್ಕ ನೀ ಒಂದಿನಾನೂ ಬಿಡ್ಲಿಲ್ಲ.”

ರೈತ ಕಲ್ಲಿನ ಪಕ್ಕದಲ್ಲೇ ಕುಸಿದು ಕುಳಿತ. ಅಂಗಿಯ ಜೇಬಿಗೆ ಕೈ ಹಾಕಿ, ಪೇಟೆಯಿಂದ ತಂದದ್ದನ್ನು ತೆಗೆದು ಅವಳ ಮುಂದಿಟ್ಟ. ಮುದುಕಿ ಅದನ್ನು ಮುಟ್ಟಲಿಲ್ಲ.

“ಯಾರದು ಅವರಿಗೆ ಕೊಟ್ಟ ಬಾ,” ಅಂದಳು. “ಮೊದ್ಲು ಕಲ್ಲಿಗೆ ಕೈ ಹಚ್ಚು. ಇದು ಹತ್ತನೇದು. ಇದನ್ನ ನಾ ಹೇಳೀನಿ ಅಂತ ಎತ್ತು.”

ಮೋಡ ಸರಿದು ಬಿಸಿಲು ಇತ್ತು. ಮೇಲಿನ ಒಂದು ಮೊಳ ಜೋಳವನ್ನೂ ಸೊಪ್ಪನ್ನೂ ಹೊರಗೆ ತೆಗೆಸಿದಳು. ಅದು ಕೆಟ್ಟಿತ್ತು. ಕೋಳಿಗಳು ಓಡಿ ಬಂದವು. ಕೆಳಗಿನದನ್ನು ಅವನು ನೋಡಬೇಕೆಂದ. ಮುದುಕಿ ಬಿಡಲಿಲ್ಲ. ಹೊಸ ಹೊಟ್ಟು ಹಾಸಿಸಿದಳು. ಕಲ್ಲು ಎಳೆಸಿದಳು. ಮಣ್ಣು ತಾನೇ ಮೆತ್ತಿದಳು. ಅಚ್ಚು ಒತ್ತುವಾಗ ಕೈ ಹಿಂದೆ ತೆಗೆದಳು.

“ಈ ಸಲ ನಿನ್ನ ಕೈ ಒತ್ತು. ನನ್ನ ಕೈ ಮುರಿಯಾಕ ನಿನಗ ನಾಚಿಕಿ ಬರ್ಲಿಲ್ಲ. ನಿನ್ನ ಕೈನರ ನೀ ಕಾಯ್ತೀಯೋ ಏನೋ ನೋಡೂಣು.”

ರೈತ ಒತ್ತಿದ. “ಇಲ್ಲೇ ಕಾವಲ ಕುಂದ್ರತೀನಿ ಆಯಿ. ಯಾರನ್ನೂ ಮುಟ್ಟಗೊಡೂದಿಲ್ಲ.”

“ನೀನ ಕಾವಲ ಕುಂತ್ರ ಕಳ್ಳ ಯಾಂವ?” ಮುದುಕಿ ನಕ್ಕಳು. “ಹೋಗು. ಎಲ್ಲಿಗರ ಹೋಗು. ಮಣ್ಣು ಬಿರುಕ ಬಿಟ್ರ ಮ್ಯಾಲಿಂದ ಮ್ಯಾಲ ನಾ ಮೆತ್ತತೀನಿ. ಆ ಹಾರಿ ಇಲ್ಲಿ ಕೊಡು.”

ಹಾರೆಯನ್ನು ಹೆಗಲಿಗೇರಿಸಿಕೊಂಡು ಮುದುಕಿ ಹೋದಳು. ರೈತ ಪೇಟೆಗೆ ಹೋಗಿ ವಿಷವನ್ನು ವ್ಯಾಪಾರಿಯ ಕೈಗೆ ಹಿಂದಿರುಗಿಸಿದ. ಮನೆಗೆ ಹೋಗುವ ದಾರಿ ಎಡಕ್ಕಿತ್ತು. ಅವನು ಬಲಕ್ಕೆ ತಿರುಗಿದ.

ಊರೂರು ನಡೆದ. ಕಳೆ ತೆಗೆಯುವ ಕಡೆ ಕಳೆ ತೆಗೆದ. ಕುರಿಗಾರರ ಜೊತೆ ಹತ್ತು ದಿನ ಕುರಿಯ ಹಿಂದೆ ತಿರುಗಿದ. ಹಾಳುಗುಡಿಯಲ್ಲಿ ಮಲಗಿದ. ನಡೆಯುವಾಗ ಸುಮ್ಮನಿರುತ್ತಿದ್ದ. ನಿಂತರೆ ಸಾಕು, ಕೈ ತುರಿಸುತ್ತಿತ್ತು. ಮೂರು ಸಲ ಊರಿನ ಕಡೆ ತಿರುಗಿದ. ಒಂದು ಸಲ ಊರ ಮುಂದಿನ ಹುಣಸೆಮರದವರೆಗೂ ಬಂದ. ಅಲ್ಲಿಂದ ಅವನ ಹಿತ್ತಲಿನ ಬೇಲಿ ಕಾಣುತ್ತದೆ. ಮರ ಹಿಡಿದುಕೊಂಡು ನಿಂತ. ಹಾರೆ ಇದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಬಂದ ದಾರಿಯಲ್ಲೇ ಹೊರಟುಹೋದ.

ಹೀಗೆ ತಿರುಗುತ್ತ ತಿರುಗುತ್ತ ಒಂದು ಮಧ್ಯಾಹ್ನ ಹೆಂಡತಿಯ ತವರೂರು ಬಂತು. ಅವನು ಬೇಕೆಂದು ಬಂದಿರಲಿಲ್ಲ, ಕಾಲು ತಂದಿತ್ತು. ಹೆಂಡತಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮಗು ಮೊರದ ಬಳಿ ಆಡುತ್ತಿತ್ತು. ಅವಳು ಎದ್ದು ನೀರು ಕೊಟ್ಟಳು. ಅವನು ಕುಡಿದ ಮೇಲೆ ಮತ್ತೆ ಮೊರ ಹಿಡಿದು ಕೇಳಿದಳು.

“ಜ್ವಾಳ ಹ್ಯಾಂಗ ಐತ್ರಿ?”

“ಗೊತ್ತಿಲ್ಲ.”

ಅವಳ ಕೈಯಲ್ಲಿದ್ದ ಮೊರ ನಿಂತಿತು. ಆ ಬಾಯಿಂದ ಆ ಮಾತು ಅವಳು ಕೇಳಿದ್ದೇ ಇಲ್ಲ.

“ನೋಡಿಲ್ಲೇನ್ರಿ?”

“ಇಲ್ಲ.”

“ಎಷ್ಟ್ ದಿನಾತು?”

“ಪಂಚಮಿಯಿಂದ. ಅದಕ್ಕಿಂತ ಮೊದಲ ಒಂಬತ್ತು ಸಲ ನೋಡೀನಿ. ಬೇಕಾದಷ್ಟು ಕೆಡಿಸೀನಿ. ವಿಷಾನೂ ತಂದಿದ್ದೆ. ಹಾಕಲಿಲ್ಲ. ಉಳದೈತೋ ಇಲ್ಲೋ, ಖರೇನ ಗೊತ್ತಿಲ್ಲ.”

ಅವಳು ಬಹಳ ಹೊತ್ತು ಅವನ ಕೈ ನೋಡಿದಳು. ಒಲೆಯ ಮೇಲಿನ ಅನ್ನವನ್ನು ಮೂರು ಸಲ ತೆಗೆದು ನೋಡುತ್ತಿದ್ದ ಕೈ ಅದು. ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

“ಪಾಡ್ಯದ ದಿನ ಬರ್ತೀವಿ,” ಅಂದಳು. “ಕಲ್ಲು ನನ್ನ ಮುಂದ ಎತ್ರಿ. ಹುಳ ಇದ್ರ ಅದ ಬಸ್ಸಿಗೆ ತಿರುಗಿ ಹೋಗ್ತೀನಿ. ಆಮ್ಯಾಲ ಕರಿಯಾಕ ಬರಬ್ಯಾಡ್ರಿ.”

ಪಾಡ್ಯದ ದಿನ ಬಂದಳು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು. ಮನೆಯೊಳಗೆ ಕಾಲಿಡಲಿಲ್ಲ. ನೆಟ್ಟಗೆ ಹಿತ್ತಲಿಗೆ ಬಂದು ನಿಂತಳು. ಬೇಲಿಯಾಚೆ ನೆರೆಯವನೂ ನಿಂತ. ಮುದುಕಿ ಹಾರೆ ತಂದಳು. ಮಣ್ಣಿನ ಮೇಲೆ ರೈತನ ಅಂಗೈ ಅಚ್ಚು ಒತ್ತಿದ ಹಾಗೇ ಇತ್ತು. ಸುತ್ತ ಬಿರುಕುಗಳಿಗೆ ಮುದುಕಿ ಮೆತ್ತಿದ ಹೊಸ ಮಣ್ಣು ಇತ್ತು. ಅಚ್ಚಿನೊಳಗೆ ಕೈ ಇಡು ಎಂದಳು. ಇಟ್ಟ. ಬೆರಳಿಗೆ ಬೆರಳು ಕೂತಿತು.

“ಹ್ಞಾಂ, ಈಗ ಎತ್ತು.”

ಅಷ್ಟು ದಿನ ಎತ್ತಬೇಕೆಂದು ಒದ್ದಾಡಿದವನಿಗೆ ಈಗ ಹಾರೆ ಹಿಡಿಯಲು ಕೈ ಏಳಲಿಲ್ಲ. ಇನ್ನೊಂದು ಗಳಿಗೆ ಮುಚ್ಚಿಯೇ ಇರಲಿ ಅನ್ನಿಸಿತು. ಕಲ್ಲು ಮುಚ್ಚಿರುವವರೆಗೆ ಹೆಂಡತಿ ಮಗು ಹಿತ್ತಲಿನಲ್ಲಿ ಇರುತ್ತಾರಲ್ಲ. ಮುದುಕಿ ಕೆಮ್ಮಿದಳು. ಅವನು ಮೀಟಿದ. ಕಲ್ಲು ಸರಿಯಿತು. ಒಳಗಿನಿಂದ ಹಗೇವಿನ ಬೆಚ್ಚನೆಯ ಮುಗ್ಗು ವಾಸನೆ ಬಂತು. ಎಲ್ಲರೂ ಹಿಂದೆ ಸರಿದರು.

ರೈತ ಕಂದೀಲು ಹಚ್ಚಿದ. ಹಗ್ಗಕ್ಕೆ ಕಟ್ಟಿ ಇಳಿಸಿದ. ಬಾಯಿ ದಾಟುವಾಗ ಕುಡಿ ನೆಟ್ಟಗಿತ್ತು. ಒಂದು ಮೊಳ ಇಳಿಯಿತು. ಕುಡಿ ಕುಗ್ಗಿತು. ಇನ್ನೊಂದು ಗೇಣು ಇಳಿಸಿದ. ಕಡ್ಡಿಯ ತುದಿಯಷ್ಟಾಯಿತು. ಆರಿಹೋಯಿತು.

“ಅಯ್ಯ ಶಿವನ, ದೀಪಾವಳಿ ದಿನ ದೀಪ ಆರಿಸಿದ್ರಲ್ಲೋ!” ಎಂದು ನೆರೆಯವನು ಬೇಲಿಯಾಚೆಯಿಂದ ಕೂಗಿದ.

ಮುದುಕಿ ಮಾತ್ರ ನಕ್ಕಳು. ರೈತ ಹಗ್ಗ ಹಿಡಿದುಕೊಂಡೇ ನಿಂತ. ಹೆಂಡತಿ ಒಮ್ಮೆ ಕತ್ತಲ ಬಾಯಿಯನ್ನು ನೋಡಿದಳು, ಒಮ್ಮೆ ಮುದುಕಿಯ ಮುಖ ನೋಡಿದಳು. ಆಮೇಲೆ ಕೈಯಲ್ಲಿದ್ದ ಬಟ್ಟೆಯ ಗಂಟನ್ನು ನೆಲಕ್ಕೆ ಇಟ್ಟಳು.

ಗುರು ಇಷ್ಟು ಹೇಳಿ ನಿಲ್ಲಿಸಿದರು. ಮೊರದಲ್ಲಿ ಉಳಿದ ಅವರೆಕಾಳಿಗೆ ಕೈ ಹಾಕಿದರು.

ಶಿಷ್ಯ ಕಾದ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಕಂಕುಳಿನ ಗಂಟನ್ನು ಈ ಕಡೆಯಿಂದ ಆ ಕಡೆಗೆ ಮಾಡಿದ. ಹೊಳೆಯ ಕಡೆಯಿಂದ ದೋಣಿಯವನ ಕೂಗು ಕೇಳಿಸಿತು. ಅವನಿಗೆ ತಡೆಯಲಾಗಲಿಲ್ಲ.

“ಗುರುಗಳೇ, ಜೋಳ? ಕೆಳಗಿನ ಜೋಳ ಚೆನ್ನಾಗಿತ್ತೇ?”

ಗುರು ತಲೆಯೆತ್ತದೆ ಹೇಳಿದರು, “ನೋಡು, ಮತ್ತೆ ಕಲ್ಲು ಎತ್ತಿದೆ.”

ಶಿಷ್ಯ ತೆರೆದ ಬಾಯಿ ಮುಚ್ಚಿದ.